ಪಿಟೀಲಿನ ಫೈಲ್ ಸೇರಿಸಿದರೆ ಶ್ರುತಿ ಏರುತ್ತಿದೆ: ಸ್ಯಾಂಪಲ್ ರೇಟ್, ಬಿಟ್ ಡೆಪ್ತ್, ಗೇನ್, ಲೇಟೆನ್ಸಿ ಬಿಡಿಸಿ ಹೇಳುವಿರಾ?

#1 ಕೀರ್ತನಪ್ರಿಯ

ಮನೆಯ ಕೋಣೆಯಲ್ಲಿ ಕರ್ನಾಟಕ ಸಂಗೀತದ ರೆಕಾರ್ಡಿಂಗ್. ಹಾಡುಗಾರಿಕೆ ಇಲ್ಲಿ, ಪಿಟೀಲು ಬೇರೆ ಊರಿನಿಂದ ಫೈಲಾಗಿ ಬರುತ್ತದೆ, ಮೃದಂಗವನ್ನು ಕೊನೆಗೆ ಇಲ್ಲೇ ಹಿಡಿಯಬೇಕು. ಇರುವ ಸಲಕರಣೆ: ಎರಡು ಇನ್‌ಪುಟ್‌ಗಳ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಡೈನಮಿಕ್ ಮೈಕ್, ಎಲೆಕ್ಟ್ರಾನಿಕ್ ತಂಬೂರಿ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್.

ತೊಂದರೆ ಮೂರು. ಪಿಟೀಲಿನ ಫೈಲನ್ನು ಟ್ರ್ಯಾಕಿಗೆ ಎಳೆದು ಹಾಕಿದರೆ ಶ್ರುತಿ ಏರಿಬಿಡುತ್ತದೆ. ಐದು ಮನೆಯ ಶ್ರುತಿಗೆ ನುಡಿಸಿದ್ದು ಐದೂವರೆಯೂ ಅಲ್ಲ, ಆರೂ ಅಲ್ಲ, ನಡುವೆ ಎಲ್ಲೋ ನಿಲ್ಲುತ್ತದೆ. ಎರಡನೆಯದು, ಹಾಡುವಾಗ ಹೆಡ್‌ಫೋನಿನಲ್ಲಿ ದನಿ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ಮೂರನೆಯದು, ತಾರಸ್ಥಾಯಿಗೆ ಹೋದಾಗ ಮೀಟರ್ ಕೆಂಪಾಗಿ ದನಿ ಒಡೆಯುತ್ತದೆ.

ಹುಡುಕಿದಲ್ಲೆಲ್ಲ ಸ್ಯಾಂಪಲ್ ರೇಟ್, ಬಫರ್, ಗೇನ್ ಎನ್ನುವ ಪದಗಳೇ ಸಿಗುತ್ತವೆ. ಯಾವ ಪದ ಯಾವ ಗುಂಡಿಗೆ ಸೇರಿದ್ದು, ಅದನ್ನು ತಿರುಗಿಸಿದರೆ ಏನಾಗುತ್ತದೆ ಅನ್ನುವಷ್ಟು ತಿಳಿಸಿದರೆ ಉಪಕಾರ.

#2 ನಲವತ್ತೆಂಟು

ಮೊದಲನೆಯದರಿಂದ ಶುರು ಮಾಡೋಣ. ಉಳಿದ ಎರಡಕ್ಕೂ ಅದೇ ಬುನಾದಿ.

ಮೈಕಿನಿಂದ ಬರುವ ವಿದ್ಯುತ್ತು ಅಲೆಯಂತೆ ಏರಿ ಇಳಿಯುತ್ತಿರುತ್ತದೆ. ಇಂಟರ್‌ಫೇಸ್ ಆ ಅಲೆಯ ಎತ್ತರವನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಸೆಕೆಂಡಿಗೆ ಎಷ್ಟು ಸಲ ಅಳೆಯಿತು ಅನ್ನುವುದು ಸ್ಯಾಂಪಲ್ ರೇಟ್. ಸಿಡಿಯದು 44,100, ವಿಡಿಯೊ ಕೆಲಸದಲ್ಲಿ ರೂಢಿಯಲ್ಲಿರುವುದು 48,000. ಫೈಲಿನೊಳಗೆ ಈ ಸಂಖ್ಯೆಗಳ ಸಾಲಿನ ಜೊತೆಗೆ ತಲೆಭಾಗದಲ್ಲಿ ಒಂದು ಚೀಟಿಯೂ ಇರುತ್ತದೆ: "ಇದನ್ನು ಸೆಕೆಂಡಿಗೆ ಇಷ್ಟರಂತೆ ಓದು" ಎಂದು. ಅದಕ್ಕೆ ಹೆಡರ್ ಎನ್ನುತ್ತಾರೆ.

44,100ರ ಲೆಕ್ಕದಲ್ಲಿ ಅಳೆದ ಸಂಖ್ಯೆಗಳನ್ನು 48,000ರಂತೆ ಓದಿದರೆ ಹಾಡು 1.088 ಪಟ್ಟು ವೇಗವಾಗಿ ಓಡುತ್ತದೆ. ಶ್ರುತಿ 1.47 ಸೆಮಿಟೋನ್ ಏರುತ್ತದೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ಹತ್ತಿರಹತ್ತಿರ ಒಂದೂವರೆ ಪಟ್ಟು. ಐದು ಮನೆಯ ಶ್ರುತಿ ಐದೂವರೆಗೂ ಆರಕ್ಕೂ ನಡುವೆ ನಿಲ್ಲುವುದು ಇದಕ್ಕೇ. ನೀವು ಕೇಳಿಸಿಕೊಂಡು ಹೇಳಿದ ಜಾಗವೇ ಕಾರಣವನ್ನೂ ಹೇಳುತ್ತಿದೆ.

ತಪ್ಪು ಎಲ್ಲಿದೆ ಎಂದು ಹಿಡಿಯಲು ಒಂದೇ ಪರೀಕ್ಷೆ ಸಾಕು. ಪ್ರಾಜೆಕ್ಟಿನಲ್ಲಿ ಎಲ್ಲ ಟ್ರ್ಯಾಕ್‌ಗಳೂ ಏರಿದ್ದರೆ ಇಂಟರ್‌ಫೇಸ್ ಒಂದು ರೇಟಿನಲ್ಲಿ, ಪ್ರಾಜೆಕ್ಟ್ ಇನ್ನೊಂದರಲ್ಲಿ ಓಡುತ್ತಿವೆ. ಪಿಟೀಲು ಒಂದೇ ಏರಿ ನಿಮ್ಮ ದನಿ ಸರಿಯಿದ್ದರೆ ಆ ಫೈಲಿನ ಹೆಡರ್ ಸುಳ್ಳು ಹೇಳುತ್ತಿದೆ. ಹೆಡರ್ ನಿಜ ಹೇಳಿದ್ದರೆ ರೀಪರ್ ಎಷ್ಟೇ ರೇಟಿನ ಫೈಲನ್ನೂ ತಾನೇ ಹೊಂದಿಸಿಕೊಳ್ಳುತ್ತದೆ, ಶ್ರುತಿ ಕದಲುವುದಿಲ್ಲ. ರೆಕಾರ್ಡ್ ಮಾಡಿದ ಕಡೆ ಸಾಧನ 44,100ರಲ್ಲಿ ಓಡುತ್ತಿದ್ದು ಸಾಫ್ಟ್‌ವೇರ್ 48,000 ಎಂದು ನಂಬಿಕೊಂಡು ಬರೆದಾಗ ಹೀಗಾಗುತ್ತದೆ.

ಪಿಟೀಲಿನವರನ್ನು ಕೇಳಿ, ಅವರ ಗಡಿಯಾರದಲ್ಲಿ ಅದು ಎಷ್ಟು ನಿಮಿಷದ ತುಣುಕು? ನಿಮ್ಮಲ್ಲಿ ಅದರ 0.91875 ಪಟ್ಟು ಮಾತ್ರ ಕಾಣಿಸುತ್ತಿದ್ದರೆ ಅನುಮಾನವೇ ಬೇಡ.

#3 ಕೀರ್ತನಪ್ರಿಯ

ಪಿಟೀಲು ಒಂದೇ ಏರಿರುವುದು. ಅಲ್ಲಿ 6 ನಿಮಿಷ, ಇಲ್ಲಿ 5 ನಿಮಿಷ 30.75 ಸೆಕೆಂಡ್ ತೋರಿಸುತ್ತಿದೆ. ಮತ್ತೆ ನುಡಿಸಿ ಕಳಿಸಿ ಎನ್ನಬೇಕೇ?

#4 ನಲವತ್ತೆಂಟು

ಬೇಡ. 360 ಸೆಕೆಂಡಿನ 0.91875 ಪಟ್ಟು ಸರಿಯಾಗಿ 330.75. ಒಂದು ಸ್ಯಾಂಪಲ್ಲೂ ಕಳೆದುಹೋಗಿಲ್ಲ, ಓದುವ ವೇಗ ಮಾತ್ರ ತಪ್ಪಿದೆ.

ರೀಪರಿನಲ್ಲಿ ಆ ತುಣುಕನ್ನು ಆಯ್ದು ಎಫ್2 ಒತ್ತಿ. ಪ್ಲೇಬ್ಯಾಕ್ ರೇಟ್ ಎಂಬಲ್ಲಿ 0.91875 ಬರೆಯಿರಿ. ಪಕ್ಕದಲ್ಲೇ 'ಪ್ರಿಸರ್ವ್ ಪಿಚ್' ಎಂಬ ಚೌಕವಿದೆ, ಅದರ ಗುರುತನ್ನು ಕಡ್ಡಾಯವಾಗಿ ತೆಗೆಯಿರಿ. ಇಲ್ಲದಿದ್ದರೆ ವೇಗ ಇಳಿಯುತ್ತದೆ, ಶ್ರುತಿ ಏರಿದಲ್ಲೇ ಉಳಿಯುತ್ತದೆ, ಮೇಲಾಗಿ ಸಾಫ್ಟ್‌ವೇರ್ ದನಿಯನ್ನು ಚೂರುಮಾಡಿ ಜೋಡಿಸುವುದರಿಂದ ಕಮಾನಿನ ಎಳೆತ ನಡುಗಿದಂತೆ ಕೇಳುತ್ತದೆ. ಅಡಾಸಿಟಿಯಲ್ಲಾದರೆ ಟ್ರ್ಯಾಕಿನ ಹೆಸರಿನ ಪಕ್ಕದ ಮೆನುವಿನಲ್ಲಿ ರೇಟ್ 44,100 ಎಂದು ಬದಲಿಸಿದರೆ ಆಯಿತು. ಅದು ಸಂಖ್ಯೆಗಳನ್ನು ಮುಟ್ಟುವುದಿಲ್ಲ, ಚೀಟಿಯನ್ನಷ್ಟೇ ತಿದ್ದುತ್ತದೆ. ಅದೇ ತಂತ್ರಾಂಶದ 'ರೀಸ್ಯಾಂಪಲ್' ಬೇರೆಯ ಕೆಲಸ: ಶ್ರುತಿಯನ್ನೂ ವೇಗವನ್ನೂ ಹಾಗೇ ಇಟ್ಟು ಸಂಖ್ಯೆಗಳನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು.

ಇದನ್ನು ಮೃದಂಗಕ್ಕೆ ಮೊದಲೇ ಮುಗಿಸಿ. ಏರಿದ ಪಿಟೀಲಿಗೆ ಮೃದಂಗ ಶ್ರುತಿಮಾಡಿ ನುಡಿಸಿಬಿಟ್ಟರೆ ಆಮೇಲೆ ಹಿಂದಕ್ಕೆ ಹೋಗಲು ದಾರಿಯಿಲ್ಲ.

#5 ಕೀರ್ತನಪ್ರಿಯ

0.91875 ಹಾಕಿದೆ, ಗುರುತು ತೆಗೆದೆ. ತಂಬೂರಿಯ ಷಡ್ಜಕ್ಕೆ ಸೇರಿತು. ತುಂಬ ಧನ್ಯವಾದ.

ಹಾಗಾದರೆ ಮುಂದಿನ ಸಲ ಇಬ್ಬರೂ 96,000 ಇಟ್ಟುಕೊಂಡರೆ ದನಿ ಇನ್ನೂ ಚೆನ್ನಾಗಿ ಬರುತ್ತದೆಯೇ? 16 ಬಿಟ್, 24 ಬಿಟ್ ಅನ್ನುವುದು ಇದಕ್ಕೇ ಸಂಬಂಧಿಸಿದ್ದೇ?

#6 ಮಂದ್ರಷಡ್ಜ

ಎರಡೂ ಬೇರೆ ಬೇರೆ. ಎಷ್ಟು ಸಲ ಅಳೆಯುವುದು ಅನ್ನುವುದು ಸ್ಯಾಂಪಲ್ ರೇಟ್. ಪ್ರತಿ ಸಲ ಎಷ್ಟು ನಯವಾದ ಅಳತೆಪಟ್ಟಿ ಹಿಡಿಯುವುದು ಅನ್ನುವುದು ಬಿಟ್ ಡೆಪ್ತ್.

ಮೊದಲು ರೇಟ್. ಒಂದು ಅಲೆಯನ್ನು ತಿರುಗಿ ಕಟ್ಟಬೇಕಾದರೆ ಅದರ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದಿರಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶ್ಯಾನನ್ 1949ರಲ್ಲಿ ಬರೆದ ಪ್ರಬಂಧಗಳಲ್ಲಿ ಇದರ ಬೇರು ಇದೆ. ಮನುಷ್ಯರ ಕಿವಿ ಹೆಚ್ಚೆಂದರೆ 20,000 ಹರ್ಟ್ಜ್ ಕೇಳುತ್ತದೆ, ಎರಡು ಪಟ್ಟು 40,000. ಅದರ ಮೇಲೆ ಫಿಲ್ಟರಿಗೆ ಸ್ವಲ್ಪ ಜಾಗ ಬಿಟ್ಟರೆ 44,100 ಸಾಕಾಗುತ್ತದೆ. ಸರಿಯಾಗಿ 44,100 ಯಾಕೆ ಅಂದರೆ, ಆಗ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನಲ್ಲಿ ಬರೆದಿಡುತ್ತಿದ್ದರು. ಸೆಕೆಂಡಿಗೆ 60 ಫೀಲ್ಡ್, ಫೀಲ್ಡಿಗೆ 245 ಗೆರೆ, ಗೆರೆಗೆ 3 ಸ್ಯಾಂಪಲ್: ಗುಣಿಸಿದರೆ 44,100. ಯುರೋಪಿನ ವಿಡಿಯೊಗೆ 50, 294, 3, ಉತ್ತರ ಅದೇ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಸಿಡಿ ತಂದಾಗ ಅದೇ ಸಂಖ್ಯೆ ನಿಂತಿತು.

ಸ್ಯಾಂಪಲ್ ರೇಟಿನ ಅರ್ಧಕ್ಕಿಂತ ಮೇಲಿನ ಕಂಪನ ಒಳಗೆ ನುಸುಳಿದರೆ ಅದು ಸುಮ್ಮನೆ ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. 44,100ರಲ್ಲಿ ಅಳೆಯುವಾಗ 30,000 ಹರ್ಟ್ಜ್‌ನ ಸದ್ದು 14,100 ಹರ್ಟ್ಜ್ ಆಗಿ ಕೇಳುತ್ತದೆ. ಇದೇ ಏಲಿಯಾಸಿಂಗ್. ಇಂಟರ್‌ಫೇಸಿನಲ್ಲಿ ಇದನ್ನು ತಡೆಯುವ ಫಿಲ್ಟರ್ ಇರುವುದರಿಂದ ಮೈಕ್ ರೆಕಾರ್ಡಿಂಗ್‌ನಲ್ಲಿ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಾಡು, ಪಿಟೀಲು, ಮೃದಂಗಕ್ಕೆ 48,000 ಧಾರಾಳ. 96,000 ಇಟ್ಟರೆ ಡಿಸ್ಕಿನ ಜಾಗ ಎರಡು ಪಟ್ಟು ಬೇಕು, ಪ್ರೊಸೆಸರಿನ ಮೇಲೂ ಹೊರೆ.

ಈಗ ಬಿಟ್. ಒಂದೊಂದು ಬಿಟ್ ಹೆಚ್ಚಾದಾಗಲೂ ಅಳತೆಪಟ್ಟಿಯ ಗೆರೆಗಳು ಇಮ್ಮಡಿಯಾಗುತ್ತವೆ, ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿಗೂ ನಡುವಿನ ಹರವು ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಮಾನ) ಹಿಗ್ಗುತ್ತದೆ. 16 ಬಿಟ್‌ಗೆ 65,536 ಮೆಟ್ಟಿಲು, 96 ಡಿಬಿ. 24 ಬಿಟ್‌ಗೆ 1 ಕೋಟಿ 67 ಲಕ್ಷಕ್ಕೂ ಮೇಲೆ ಮೆಟ್ಟಿಲು, 144 ಡಿಬಿ. ರೆಕಾರ್ಡ್ ಮಾಡುವಾಗ 24 ಬಿಟ್ ಇಡಿ. ಅದರ ಲಾಭ ನಿಮ್ಮ ಮೂರನೇ ತೊಂದರೆಗೆ ನೇರವಾಗಿ ಸಲ್ಲುತ್ತದೆ.

ಡಿಜಿಟಲ್ ಮೀಟರಿನಲ್ಲಿ ತಾರಸಿ ಅಂದರೆ 0 ಡಿಬಿ. ಅದಕ್ಕಿಂತ ಮೇಲಿನ ಸಂಖ್ಯೆಯೇ ಇಲ್ಲ. ಅಲೆ ಅಲ್ಲಿಗೆ ಬಡಿದರೆ ತುದಿ ಕತ್ತರಿಸಿಹೋಗುತ್ತದೆ, ಇದೇ ಕ್ಲಿಪಿಂಗ್. ಒಡೆದ ದನಿಯ ಜಾಗವನ್ನು ರೀಪರಿನಲ್ಲಿ ಅಡ್ಡಕ್ಕೆ ಹಿಗ್ಗಿಸುತ್ತಾ ಹೋಗಿ. ದುಂಡಗೆ ಇರಬೇಕಾದ ತಲೆ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗಿರುತ್ತದೆ, ಹತ್ತಾರು ಸ್ಯಾಂಪಲ್ಲುಗಳು ಒಂದೇ ಎತ್ತರದಲ್ಲಿ ಸಾಲಾಗಿ ಕೂತಿರುತ್ತವೆ. ಆ ಚಪ್ಪಟೆ ಗೆರೆಯಿಂದಲೇ ಮೂಲದಲ್ಲಿ ಇಲ್ಲದ ಮೇಲ್ಸ್ವರಗಳು ಹುಟ್ಟಿ ಕರಕರ ಅನ್ನುವುದು.

ಆದ್ದರಿಂದ ಗೇನ್ ಇಡುವ ಕ್ರಮ ಹೀಗೆ. ಕಛೇರಿಯಲ್ಲಿ ಹಾಡುವ ಗಟ್ಟಿತನದಲ್ಲೇ ತಾರಸ್ಥಾಯಿಯ ಪಂಚಮ ಮುಟ್ಟುವ ಸಂಗತಿಯೊಂದನ್ನು ಹಾಡಿ. ಇಂಟರ್‌ಫೇಸಿನ ಗೇನ್ ಗುಂಡಿಯನ್ನು ತಿರುಗಿಸುತ್ತಾ ಅಲೆಯ ಅತಿ ಎತ್ತರದ ತುದಿ (ಪೀಕ್) -12 ಡಿಬಿ ಹತ್ತಿರ ನಿಲ್ಲುವಂತೆ ಮಾಡಿ. ಮಧ್ಯಮಸ್ಥಾಯಿಯ ಸರಾಸರಿ ಆಗ -20ರ ಆಸುಪಾಸಿನಲ್ಲಿ ಇರುತ್ತದೆ. ಅಲೆ ಸಣ್ಣದಾಗಿ ಕಂಡರೆ ಗಾಬರಿ ಬೇಡ. 24 ಬಿಟ್‌ನಲ್ಲಿ 12 ಡಿಬಿ ಕೆಳಗಿಟ್ಟರೆ ಎರಡು ಬಿಟ್ ಬಳಕೆಯಾಗದೆ ಉಳಿಯುತ್ತದೆ, ಅಷ್ಟೆ.

#7 ತಂತಿಗಂಟು

ಮಂದ್ರಷಡ್ಜ ಅವರ ಮಾತಿಗೆ ಒಂದು ಸೇರ್ಪಡೆ. 144 ಡಿಬಿ ಕಾಗದದ ಮೇಲಿನ ಲೆಕ್ಕ. ಒಳ್ಳೆಯ ಇಂಟರ್‌ಫೇಸುಗಳೇ 110-120 ಡಿಬಿಗೆ ನಿಲ್ಲುತ್ತವೆ. ಮನೆಯ ಕೋಣೆಯಲ್ಲಿ ಫ್ಯಾನು, ಫ್ರಿಜ್ಜು, ಬೀದಿಯ ಸದ್ದು ಅದಕ್ಕಿಂತ ಎಷ್ಟೋ ಮೊದಲೇ ತಳವಾಗಿ ಕೂತಿರುತ್ತವೆ. ಆ ತಳಕ್ಕೆ ನಾಯ್ಸ್ ಫ್ಲೋರ್ ಎನ್ನುತ್ತಾರೆ. ಬಿಟ್ ಹೆಚ್ಚಿಸಿ ಅದನ್ನು ಇಳಿಸಲಾಗದು, ಫ್ಯಾನ್ ನಿಲ್ಲಿಸಿದರೆ ಇಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. ಗೇನ್ ಬೇರೆ, ಟ್ರ್ಯಾಕಿನ ಫೇಡರ್ (ಸಾಫ್ಟ್‌ವೇರಿನಲ್ಲಿ ಜೋರು ಏರಿಳಿಸುವ ಜಾರುಗುಂಡಿ) ಬೇರೆ. ಗೇನ್ ಎನ್ನುವುದು ಮೈಕಿನ ಕೆಲವೇ ಮಿಲಿವೋಲ್ಟನ್ನು ಪ್ರಿಆಂಪ್ ಎಷ್ಟು ಹಿಗ್ಗಿಸಬೇಕು ಅನ್ನುವುದು, ಅಳತೆಗೆ ಮೊದಲು ನಡೆಯುವ ಕೆಲಸ. ಫೇಡರ್ ಅಳೆದು ಮುಗಿದ ಮೇಲಿನದು. ದನಿ ಇಂಟರ್‌ಫೇಸಿನಲ್ಲೇ ಒಡೆದಿದ್ದರೆ ಫೇಡರ್ ಇಳಿಸಿದರೆ ಒಡೆದ ದನಿ ಮೆಲ್ಲಗೆ ಕೇಳುತ್ತದೆ, ಸರಿಯಾಗುವುದಿಲ್ಲ. ಪ್ರಾಜೆಕ್ಟಿನಲ್ಲಿ 32 ಬಿಟ್ ಫ್ಲೋಟ್ (0 ಡಿಬಿಗಿಂತ ಮೇಲಿನ ಸಂಖ್ಯೆಯನ್ನೂ ಬರೆದಿಡಬಲ್ಲ ಕ್ರಮ) ಆಯ್ದರೂ ಅಷ್ಟೇ. ಇಡೀ ಸಾಧನವೇ ಅದಕ್ಕಾಗಿ ಎರಡು ಮಟ್ಟದ ಪರಿವರ್ತಕ ಇಟ್ಟು ಕಟ್ಟಿದ್ದಾಗಿದ್ದರೆ ಮಾತ್ರ ಆ ರಕ್ಷಣೆ.

ತಂತಿಗಳ ವಿಷಯ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಲ್ಲಿ 1 ನೆಲ, 2 ಮತ್ತು 3 ಒಂದೇ ಸಂಕೇತದ ನೇರ ಮತ್ತು ತಲೆಕೆಳಗು ರೂಪ. ದಾರಿಯಲ್ಲಿ ಸೇರಿದ ಗುಂಯ್ ಎರಡರಲ್ಲೂ ಒಂದೇ ತರ ಇರುವುದರಿಂದ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೊರಟುಹೋಗುತ್ತದೆ. ಇದು ಬ್ಯಾಲೆನ್ಸ್ಡ್ ತಂತಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಇದೇ 2 ಮತ್ತು 3ರ ಮೂಲಕ ಸಮನಾಗಿ ಹೋಗುತ್ತದೆ, ಅದೇ ಫ್ಯಾಂಟಮ್ ಪವರ್. ಡೈನಮಿಕ್ ಮೈಕಿಗೆ ಅದು ಬೇಡ. ತಂತಿ ಸರಿಯಿದ್ದರೆ ಸಾಮಾನ್ಯವಾಗಿ ಹಾನಿಯೂ ಇಲ್ಲ. ಹಳೆಯ ರಿಬ್ಬನ್ ಮೈಕ್‌ಗೆ ಮಾತ್ರ ಕೊಡಬೇಡಿ. ಕ್ರಮ: ಗೇನ್ ಪೂರ್ತಿ ಇಳಿಸಿ, ತಂತಿ ಚುಚ್ಚಿ, 48 ವೋಲ್ಟ್ ಒತ್ತಿ, ಹತ್ತು ಸೆಕೆಂಡ್ ಬಿಟ್ಟು ಗೇನ್ ಏರಿಸಿ. ತೆಗೆಯುವಾಗ ಇದರ ಹಿಮ್ಮುಖ.

ಎಲೆಕ್ಟ್ರಾನಿಕ್ ತಂಬೂರಿಯ ಮುಂದೆ ಮೈಕ್ ಇಡಬೇಡಿ. ಅದರ ಲೈನ್ ಔಟ್ ಇದ್ದರೆ ಎರಡನೇ ಇನ್‌ಪುಟ್ಟಿಗೆ ಕಾಲಿಂಚಿನ ಜ್ಯಾಕಿನಲ್ಲಿ ಕೊಟ್ಟು, ಆ ಇನ್‌ಪುಟ್ಟನ್ನು ಲೈನ್‌ಗೆ ಬದಲಿಸಿ. ಮೈಕ್ ಮಟ್ಟಕ್ಕಿಂತ ಲೈನ್ ಮಟ್ಟ ಎಷ್ಟೋ ಪಟ್ಟು ದೊಡ್ಡದು, ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ಗೇನ್ ಸೊನ್ನೆಯಲ್ಲಿದ್ದರೂ ಒಡೆಯಬಹುದು.

ಗುಂಯ್ ಎನ್ನುವ ಸದ್ದು 50 ಅಥವಾ 100 ಹರ್ಟ್ಜ್ ಆಗಿದ್ದರೆ ಅದು ನಮ್ಮ ಮನೆಯ ವಿದ್ಯುತ್ತಿನದು. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೋಯಿತೆಂದರೆ ರೆಕಾರ್ಡಿಂಗ್ ಮುಗಿಯುವ ತನಕ ಬ್ಯಾಟರಿಯಲ್ಲೇ ಓಡಿಸಿ. ಗುಂಯ್ ಕಳೆಯಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಸಲಹೆ ಕೆಲವರು ಕೊಡುತ್ತಾರೆ. ಅದು ಜೀವಕ್ಕೆ ಅಪಾಯ, ಎಂದೂ ಮಾಡಬೇಡಿ.

#8 ಕೀರ್ತನಪ್ರಿಯ

ಚಾರ್ಜರ್ ತೆಗೆದರೆ ಗುಂಯ್ ನಿಂತಿತು. ತಂಬೂರಿ ಲೈನಿಗೆ ಬಂತು. ದನಿ ತಡವಾಗಿ ಬರುವುದು ಮಾತ್ರ ಹಾಗೇ ಇದೆ.

#9 ನಲವತ್ತೆಂಟು

ಅದು ಲೇಟೆನ್ಸಿ. ಕಂಪ್ಯೂಟರ್ ಸ್ಯಾಂಪಲ್ಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವುದಿಲ್ಲ, ಒಂದು ಕೊಡ ತುಂಬುವ ತನಕ ಕಾದು ಒಟ್ಟಿಗೆ ಹೊರುತ್ತದೆ. ಆ ಕೊಡದ ಅಳತೆಯೇ ಬಫರ್. 48,000ರಲ್ಲಿ 128 ಸ್ಯಾಂಪಲ್ಲಿನ ಬಫರ್ ತುಂಬಲು 2.7 ಮಿಲಿಸೆಕೆಂಡ್, 512ಕ್ಕೆ 10.7, 1024ಕ್ಕೆ 21.3. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಜೊತೆಗೆ ಪರಿವರ್ತಕ ಮತ್ತು ಯುಎಸ್‌ಬಿಯ ಪಾಲು. 1024 ಇಟ್ಟುಕೊಂಡು ಹಾಡಿದರೆ ಹೋಗಿ ಬರುವ ಹೊತ್ತು 45 ಮಿಲಿಸೆಕೆಂಡ್ ದಾಟುತ್ತದೆ. ದ್ರುತದ ಸ್ವರಕಲ್ಪನೆಯಲ್ಲಿ ಅದು ಕಾಲು ಎಳೆದಂತೆಯೇ.

ವಿಂಡೋಸಿನಲ್ಲಿ ಮೊದಲು ನೋಡಬೇಕಾದ್ದು ಡ್ರೈವರ್. ರೀಪರಿನ ಪ್ರಿಫರೆನ್ಸಸ್, ಆಡಿಯೊ, ಡಿವೈಸ್ ಎಂಬಲ್ಲಿ ಇಂಟರ್‌ಫೇಸ್ ತಯಾರಕರೇ ಕೊಟ್ಟ, ತಡ ತಗ್ಗಿಸುವ ಎಎಸ್‌ಐಒ ಎಂಬ ಬಗೆಯ ಡ್ರೈವರನ್ನು ಆಯ್ಕೆ ಮಾಡಿ. ರೆಕಾರ್ಡ್ ಮಾಡುವಾಗ ಬಫರ್ 128. ಪಟಪಟ ಸದ್ದು ಬಂದರೆ ಕೊಡ ತುಂಬುವಷ್ಟರಲ್ಲಿ ಪ್ರೊಸೆಸರ್ ತನ್ನ ಕೆಲಸ ಮುಗಿಸಿಲ್ಲ ಎಂದರ್ಥ, 256ಕ್ಕೆ ಏರಿಸಿ. ಮಿಕ್ಸ್ ಮಾಡುವಾಗ 1024 ಇದ್ದರೂ ನಡೆಯುತ್ತದೆ, ಆಗ ಯಾರೂ ಹಾಡುತ್ತಿರುವುದಿಲ್ಲ.

ಇದಕ್ಕಿಂತ ನೇರ ದಾರಿ ಡೈರೆಕ್ಟ್ ಮಾನಿಟರಿಂಗ್. ಇಂಟರ್‌ಫೇಸಿನ ಮೇಲೆ ಆ ಹೆಸರಿನ ಗುಂಡಿ ಇರುತ್ತದೆ. ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ರೀಪರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಗುಂಡಿಯನ್ನು ಆಫ್ ಮಾಡಬೇಕು. ಎರಡೂ ಇದ್ದರೆ ದನಿ ಎರಡು ಸಲ ಬಂದು ಡಬ್ಬದೊಳಗೆ ಹಾಡಿದಂತೆ ಕೇಳುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಮೇಲೆ.

ಹೆಡ್‌ಫೋನಿನಲ್ಲಿ ಸರಿ ಕೇಳಿದರೂ ರೆಕಾರ್ಡ್ ಆದದ್ದು ಹಿಂದೆ ಬಿದ್ದಿದ್ದರೆ ಡ್ರೈವರ್ ತನ್ನ ತಡವನ್ನು ತಪ್ಪಾಗಿ ವರದಿ ಮಾಡುತ್ತಿದೆ. ಪರೀಕ್ಷೆ: 48 ವೋಲ್ಟ್ ಆಫ್ ಮಾಡಿ, ಔಟ್‌ಪುಟ್ 1ರಿಂದ ಲೈನ್ ಇನ್‌ಪುಟ್ 1ಕ್ಕೆ ಒಂದು ತಂತಿ ಕೊಡಿ. ಒಂದು ಟ್ರ್ಯಾಕಿನಲ್ಲಿ ಮೆಟ್ರೊನೋಮಿನ ಟಿಕ್ ಇಟ್ಟು ಇನ್ನೊಂದಕ್ಕೆ ರೆಕಾರ್ಡ್ ಮಾಡಿ. ಆ ಎರಡನೇ ಟ್ರ್ಯಾಕಿನ ಮಾನಿಟರ್ ಆರಿರಲಿ, ಇಲ್ಲದಿದ್ದರೆ ಸದ್ದು ಸುತ್ತುಹಾಕಿ ಊಳಿಡುತ್ತದೆ. ಎರಡೂ ಟಿಕ್‌ಗಳ ತುದಿಯನ್ನು ಹಿಗ್ಗಿಸಿ ನೋಡಿ ಎಷ್ಟು ಸ್ಯಾಂಪಲ್ ಅಂತರವಿದೆ ಎಂದು ಎಣಿಸಿ, ಆ ಸಂಖ್ಯೆಯನ್ನು ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಇನ್‌ಪುಟ್ ಮ್ಯಾನ್ಯುಅಲ್ ಆಫ್‌ಸೆಟ್‌ಗೆ ಹಾಕಿ ಮತ್ತೊಮ್ಮೆ ಅಳೆಯಿರಿ. ಸೊನ್ನೆಗೆ ಬಂದರೆ ಮುಗಿಯಿತು.

#10 ಎಡಮುಚ್ಚಿಗೆ

ಮೃದಂಗದ ಬಗ್ಗೆ ಯಾರೂ ಬರೆದಿಲ್ಲ, ಅಲ್ಲೇ ಹೆಚ್ಚು ಕೆಡುವುದು.

ಎರಡು ಮುಖಕ್ಕೆ ಎರಡು ಮೈಕ್. ನಿಮ್ಮಲ್ಲಿರುವುದರಲ್ಲಿ ಕಂಡೆನ್ಸರನ್ನು ಬಲ ಮುಚ್ಚಿಗೆಗೆ, ಡೈನಮಿಕ್ಕನ್ನು ಎಡ ಮುಚ್ಚಿಗೆಗೆ ಇಡಿ. ಬಲಕ್ಕೆ 25-30 ಸೆಂಟಿಮೀಟರ್ ದೂರ, ಕರಣೆಯ (ಮುಚ್ಚಿಗೆಯ ಮೇಲಿನ ಕಪ್ಪು ಲೇಪ) ನಡುವಿಗೆ ನೇರವಾಗಿ ಅಲ್ಲ, ಅಂಚಿನ ಕಡೆಗೆ ಸ್ವಲ್ಪ ಓರೆ. ನಡುವಿಗೆ ಗುರಿಯಿಟ್ಟರೆ ಬೆರಳಿನ ಟಪ್ ಮಾತ್ರ ಬರುತ್ತದೆ, ಮೀಟಿನ ನಾದ ತೆಳುವಾಗುತ್ತದೆ. ಎಡಕ್ಕೆ 15-20 ಸೆಂಟಿಮೀಟರ್. ಒಂದು ಮುಖಕ್ಕೆ ಹೆಚ್ಚು ಕಿವಿಗೊಡುವ ಮೈಕಿನ ಮಾದರಿಗೆ ಕಾರ್ಡಿಯಾಯ್ಡ್ ಎನ್ನುತ್ತಾರೆ. ಇಂಥ ಮೈಕನ್ನು ಹತ್ತಿರ ತಂದಷ್ಟೂ ಮಂದ್ರ ಉಬ್ಬುತ್ತದೆ. ಇದು ಪ್ರಾಕ್ಸಿಮಿಟಿ ಎಫೆಕ್ಟ್. ಗುಂಕಿ (ಎಡ ಮುಚ್ಚಿಗೆಯ ಮಂದ್ರ ನಾದ) ಗುಡುಗಿದಂತೆ ಬರುತ್ತಿದ್ದರೆ ಈಕ್ಯೂ (ಮಂದ್ರ, ತಾರಗಳ ಮಟ್ಟ ಬೇರೆಬೇರೆಯಾಗಿ ಏರಿಳಿಸುವ ಸಾಧನ) ಮುಟ್ಟುವ ಮೊದಲು ಮೈಕನ್ನು ನಾಲ್ಕು ಬೆರಳು ಹಿಂದೆ ಸರಿಸಿ.

ಈಗ ಫೇಸ್, ಅಂದರೆ ಎರಡು ಮೈಕಿನ ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುವುದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 34 ಸೆಂಟಿಮೀಟರಿಗೆ ಒಂದು ಮಿಲಿಸೆಕೆಂಡ್. ಒಂದೇ ಮೀಟು ಒಂದು ಮೈಕಿಗೆ ತಲುಪಿ, ಇನ್ನೊಂದಕ್ಕೆ ಒಂದು ಮಿಲಿಸೆಕೆಂಡ್ ತಡವಾಗಿ ತಲುಪಿತು ಅಂದುಕೊಳ್ಳಿ. ಎರಡನ್ನೂ ಸಮನಾಗಿ ಕೂಡಿಸಿದರೆ 500, 1500, 2500 ಹರ್ಟ್ಜ್ ಹೀಗೆ ಸಾಲಾಗಿ ಒಂದನ್ನೊಂದು ಅಳಿಸುತ್ತವೆ. ನಕ್ಷೆಯಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುವುದರಿಂದ ಕೋಂಬ್ ಫಿಲ್ಟರಿಂಗ್ ಎಂಬ ಹೆಸರು. ಕಿವಿಗೆ ಟೊಳ್ಳು ಡಬ್ಬದ ಸದ್ದು. ಪೂರ್ತಿ ತಪ್ಪಿಸಲಾಗದು, ತಗ್ಗಿಸಬಹುದು: ಒಂದು ಮೈಕಿಗೂ ಅದರ ಮುಚ್ಚಿಗೆಗೂ ಇರುವ ದೂರದ ಮೂರು ಪಟ್ಟಿನಷ್ಟಾದರೂ ಎರಡು ಮೈಕ್‌ಗಳ ನಡುವೆ ಇರಲಿ.

ಇದರ ಜೊತೆ ಪೋಲಾರಿಟಿ (ಅಲೆ ನೇರವಿದೆಯೋ ತಲೆಕೆಳಗೋ ಅನ್ನುವುದು) ನೋಡಿ. ಎರಡೂ ಟ್ರ್ಯಾಕ್‌ಗಳನ್ನು ನಡುವೆ ತಂದು ಮೋನೊ ಮಾಡಿ ಕೇಳಿ. ಒಂದರ ಪೋಲಾರಿಟಿ ತಿರುಗಿಸುವ ಗುಂಡಿ ಒತ್ತಿ, ಮತ್ತೆ ಬಿಡಿ. ಯಾವುದರಲ್ಲಿ ಗುಂಕಿಯ ತುಂಬುತನ ಹೆಚ್ಚೋ ಅದೇ ಸರಿ. ಮೀಟರ್ ನೋಡಬೇಡಿ, ಕಿವಿ ಸಾಕು.

ನಾಯ್ಸ್ ರಿಡಕ್ಷನ್ ಮೃದಂಗದ ಮೇಲೆ ಹಾಕಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಮೃದಂಗದಲ್ಲಿ ಅವು ತಂತಿವಾದ್ಯದಂತೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಜಾಗಗಳಲ್ಲಿ ಕೂರುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ತೋರಿಸಿದರು. ಷಡ್ಜಕ್ಕೆ ಸೇರಿ ಮೆಲ್ಲಗೆ ಕರಗುವ ಆ ಬಾಲವನ್ನೇ ಸಾಫ್ಟ್‌ವೇರ್ ಗದ್ದಲ ಎಂದು ತಿಳಿದು ತಿಂದುಹಾಕುತ್ತದೆ.

#11 ತಂತಿಗಂಟು

ಎಡಮುಚ್ಚಿಗೆ ಅವರು ಹೇಳಿದ್ದು ಸರಿ. ಬಾಲ ಉಳಿಯಬೇಕಾದರೆ ಕೋಣೆಯೂ ಜೊತೆಗೊಡಬೇಕು. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಮಂದ್ರಕ್ಕೆ ಏನೂ ಆಗುವುದಿಲ್ಲ. ದಪ್ಪ ಹಾಸಿಗೆಯನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಕೋಣೆಯ ಉದ್ದ 3.4 ಮೀಟರ್ ಇದ್ದರೆ 50 ಹರ್ಟ್ಜ್ ಆಸುಪಾಸು ಗುಂಯ್‌ಗುಡುತ್ತದೆ. ಗೋಡೆಗೆ ಅಂಟಿ ಅಥವಾ ಮೂಲೆಯಲ್ಲಿ ಕೂತರೆ ಅದು ಅತಿಯಾಗುತ್ತದೆ, ಅಲ್ಲಿಂದ ಈಚೆ ಬಂದು ಕೂತರೆ ತಗ್ಗುತ್ತದೆ.

#12 ಕೀರ್ತನಪ್ರಿಯ

ಹಾಡಿನ ದನಿಗೆ ಕಂಪ್ರೆಸರ್, ಪಿಚ್ ಕರೆಕ್ಷನ್ ಹಾಕಬೇಕು ಎಂದು ಕೆಲವರು ಹೇಳುತ್ತಾರೆ. ನಿಮ್ಮೆಲ್ಲರ ಅಭಿಪ್ರಾಯ?

#13 ಮಂದ್ರಷಡ್ಜ

ಪಿಚ್ ಕರೆಕ್ಷನ್ ಬೇಡ. ಅದು ಹುಟ್ಟಾ 12 ಸಮಾನ ಭಾಗಗಳ ಸ್ಥಾಯಿಗೆ ಹೊಂದಿಕೊಂಡದ್ದು. ತಂಬೂರಿಗೆ ಸೇರಿದ ಅಂತರ ಗಾಂಧಾರ ಷಡ್ಜಕ್ಕೆ 5:4ರ ಅನುಪಾತದಲ್ಲಿ, ಅಂದರೆ 386 ಸೆಂಟ್‌ನಲ್ಲಿ (ಒಂದು ಸೆಮಿಟೋನಿಗೆ 100 ಸೆಂಟ್) ನಿಲ್ಲುತ್ತದೆ. ಸಾಫ್ಟ್‌ವೇರಿನ ಗಾಂಧಾರ 400ರಲ್ಲಿದೆ. ಸೇರಿದ ಸ್ವರವನ್ನು ಅದು 14 ಸೆಂಟ್ ಮೇಲೆತ್ತಿ ಕೆಡಿಸುತ್ತದೆ. ಕಂಪಿತ ಗಮಕಕ್ಕಂತೂ ಸ್ವರಸ್ಥಾನವೇ ಒಂದು ಬಿಂದುವಲ್ಲ. ತೋಡಿಯ ಗಾಂಧಾರವನ್ನು ಒಂದು ಗೆರೆಗೆ ಕಟ್ಟಿಹಾಕಿದರೆ ಅದು ತೋಡಿಯಾಗಿ ಉಳಿಯುವುದಿಲ್ಲ. ತಪ್ಪಿದ ಸಾಲನ್ನು ಮತ್ತೆ ಹಾಡಿಸಿ, ತುಂಡು ಸೇರಿಸಿ. ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟಿದ್ದರ ಲಾಭ ಇಲ್ಲೇ ಸಿಗುವುದು: ಅದು ಹಾಡಿನ ಮೈಕಿಗೂ ಸೋರಿದ್ದರೆ ಕತ್ತರಿಸಿದ ಕಡೆಯಲ್ಲೆಲ್ಲ ಪ-ಸ-ಸ-ಸ ಸುತ್ತು ಜಿಗಿದುಬಿಡುತ್ತದೆ. ಒಂದು ಕಿವಿ ತೆರೆದು ಹಾಡುವವರಾದರೆ ಬಿಟ್ಟ ಕಡೆಯ ಹೆಡ್‌ಫೋನಿಗೆ ಸದ್ದು ಹೋಗದಂತೆ ಪ್ಯಾನ್ ಮಾಡಿ.

ಕಂಪ್ರೆಸರ್ ಬೇರೆ ಮಾತು. ನಿಗದಿ ಮಾಡಿದ ಮಟ್ಟ ದಾಟಿದ ದನಿಯನ್ನು ಅನುಪಾತಕ್ಕೆ ತಕ್ಕಂತೆ ತಗ್ಗಿಸುತ್ತದೆ. 2:1 ಅಂದರೆ 6 ಡಿಬಿ ಮೀರಿದ್ದು 3 ಡಿಬಿ ಮಾತ್ರ ಮೀರಿದಂತೆ ಕೇಳುತ್ತದೆ. ಹಾಡಿಗೆ 2:1, ಅಟ್ಯಾಕ್ (ತಗ್ಗಿಸಲು ತೆಗೆದುಕೊಳ್ಳುವ ಹೊತ್ತು) 20-30 ಮಿಲಿಸೆಕೆಂಡ್, ರಿಲೀಸ್ (ಬಿಟ್ಟುಕೊಡುವ ಹೊತ್ತು) 150ರ ಹತ್ತಿರ, ತಗ್ಗುವುದು 3 ಡಿಬಿ ಮೀರದಂತೆ. ಅಷ್ಟಕ್ಕೇ ನಿಲ್ಲಿಸಿ.

#14 ಎಡಮುಚ್ಚಿಗೆ

ಕಂಪ್ರೆಸರ್ ವಿಷಯದಲ್ಲಿ ನನ್ನ ಒಪ್ಪಿಗೆ ಅರ್ಧ. ವಿಳಂಬ ಆಲಾಪನೆಯಲ್ಲಿ ಮೆಲ್ಲಗೆ ಶುರುವಾಗಿ ಅರಳುವ ಕಾರ್ವೆಯ (ನೀಳವಾಗಿ ಹಿಡಿದ ಸ್ವರ) ಅರಳುವಿಕೆಯೇ 3 ಡಿಬಿಯಲ್ಲಿ ಹೋಗಿಬಿಡಬಹುದು. ಅಲ್ಲಿ ಕಂಪ್ರೆಸರ್ ಬಿಟ್ಟು ವಾಲ್ಯೂಮ್ ಆಟೊಮೇಷನ್ (ಜೋರು ಎಲ್ಲಿ ಎಷ್ಟು ಎಂದು ತೋರಿಸುವ) ಗೆರೆ ಎಳೆಯುವುದು ಮೇಲು. ಕೃತಿಯಲ್ಲಿ, ಮೃದಂಗ ಸೇರಿದ ಮೇಲೆ, ನೀವು ಹೇಳಿದ ಅಳತೆ ಸರಿಹೋಗುತ್ತದೆ.

#15 ಮಂದ್ರಷಡ್ಜ

ಒಪ್ಪಿದೆ. ಆಲಾಪನೆಯನ್ನು ಬೇರೆ ತುಣುಕಾಗಿಯೇ ಇಟ್ಟುಕೊಂಡರೆ ಎರಡೂ ಸಾಧ್ಯ.

#16 ಕೀರ್ತನಪ್ರಿಯ

ಕೊನೆಯ ಪ್ರಶ್ನೆ. ಪಿಟೀಲಿನವರಿಗೆ ಹಾಡಿನ ಟ್ರ್ಯಾಕನ್ನು ಎಂಪಿ3 ಮಾಡಿ ಕಳಿಸುತ್ತಿದ್ದೆ, ಫೈಲ್ ಚಿಕ್ಕದು ಎಂದು. ಅವರು ನುಡಿಸಿದ್ದು ಪ್ರತಿ ಸಲ ಕೂದಲೆಳೆ ಹಿಂದೆ ಬೀಳುತ್ತದೆ. ಅದಕ್ಕೂ ಇದಕ್ಕೂ ನಂಟಿದೆಯೇ? ಎಲ್ಲ ಮುಗಿದ ಮೇಲೆ ಯೂಟ್ಯೂಬಿಗೆ ಎಷ್ಟು ಜೋರಾಗಿ ಇಡಬೇಕು?

#17 ನಲವತ್ತೆಂಟು

ನಂಟಿದೆ. ಎಂಪಿ3 ಮಾಡುವಾಗ ಮತ್ತು ಬಿಡಿಸುವಾಗ ಶುರುವಿನಲ್ಲಿ ಮೌನ ಸೇರಿಕೊಳ್ಳುತ್ತದೆ. ಎಂಪಿ3 ಮಾಡುವ ಲೇಮ್ ಎನ್‌ಕೋಡರ್ 576 ಸ್ಯಾಂಪಲ್, ಬಿಡಿಸುವ ಕಡೆ 529 ಸ್ಯಾಂಪಲ್, ಕೂಡಿದರೆ 44,100ರಲ್ಲಿ 25 ಮಿಲಿಸೆಕೆಂಡ್. ಕೆಲವು ಸಾಫ್ಟ್‌ವೇರ್ ಅದನ್ನು ಕಳೆಯುತ್ತವೆ, ಕೆಲವು ಇಲ್ಲ. ಅವರ ಕಡೆ ಹಾಡೇ ತಡವಾಗಿ ಶುರುವಾದರೆ ಪಿಟೀಲೂ ಅಷ್ಟೇ ತಡ. ಮೇಲಾಗಿ ಎಂಪಿ3 ಕಿವಿಗೆ ಕೇಳದು ಎಂದು ಬಿಸುಟದ್ದು ಮತ್ತೆ ಬರುವುದಿಲ್ಲ.

ಕೆಲಸದ ಫೈಲು ಯಾವಾಗಲೂ ವೇವ್ ಇರಲಿ. 48,000 ಹರ್ಟ್ಜ್, 24 ಬಿಟ್ ಮೋನೊ ನಿಮಿಷಕ್ಕೆ 8.64 ಎಂಬಿ, ಆರು ನಿಮಿಷದ ಕೃತಿಗೆ 52 ಎಂಬಿ. ತೀರಾ ಭಾರವಾದರೆ ಫ್ಲ್ಯಾಕ್ ಮಾಡಿ, ಅದು ಒಂದು ಬಿಟ್ಟೂ ಬಿಡದೆ ಮಡಚಿಡುತ್ತದೆ. ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಲಗತ್ತಿಸಿ.

ಶುರುವಿನಲ್ಲಿ ಒಂದು ಆವರ್ತದ ಎಣಿಕೆ ಇಡಿ. ಆದಿತಾಳ, ನಿಮಿಷಕ್ಕೆ 60 ಅಕ್ಷರವಾದರೆ ಎಂಟು ಸೆಕೆಂಡು. ಆ ಎಣಿಕೆಯ ಸಮದಲ್ಲಿ ಒಂದು ಚಪ್ಪಾಳೆ. ಪಿಟೀಲಿನವರೂ ಅದೇ ಚಪ್ಪಾಳೆಗೆ ಸರಿಯಾಗಿ ತಾವೊಂದು ಚಪ್ಪಾಳೆ ಹೊಡೆದು ನುಡಿಸಲು ಶುರು ಮಾಡಲಿ. ಎರಡು ಚಪ್ಪಾಳೆಯ ಮೊನೆ ಹೊಂದಿಸಿದರೆ ಫೈಲು ಎಷ್ಟು ಜರುಗಿದ್ದರೂ ಕೂರುತ್ತದೆ. ತುಣುಕು ತುಣುಕಾಗಿ ಕಳಿಸದೆ ಎಲ್ಲವನ್ನೂ ಸೊನ್ನೆ ಸೆಕೆಂಡಿನಿಂದ ಒಂದೇ ಉದ್ದಕ್ಕೆ ಮಾಡಿ ಕಳಿಸಬೇಕು.

ಯೂಟ್ಯೂಬ್: ಜೋರನ್ನು ಕಿವಿಯ ಲೆಕ್ಕಕ್ಕೆ ಅಳೆಯುವ ಮಾನ ಎಲ್‌ಯುಎಫ್‌ಎಸ್. ಯೂಟ್ಯೂಬ್ ಸುಮಾರು -14ಕ್ಕಿಂತ ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಕಛೇರಿ ಸಂಗೀತಕ್ಕೆ -16 ಚೆನ್ನಾಗಿ ಕೂರುತ್ತದೆ, ಟ್ರೂ ಪೀಕ್ (ಅಲೆಯ ನಿಜವಾದ ತುದಿ) -1 ಡಿಬಿ ಮೀರದಿರಲಿ. ಯೂಟ್ಯೂಬಿಗೆ 24 ಬಿಟ್ಟಿನಲ್ಲೇ ಕೊಡಬಹುದು. ಸಿಡಿಗೆಂದು 16ಕ್ಕೆ ಇಳಿಸುವಾಗ ಮಾತ್ರ ಡಿದರ್ ಎಂಬ ಅತಿ ಸಣ್ಣ ಮರ್ಮರ ಸೇರಿಸಿ. ಅದು ಕೊನೆಯ ಹಂತದಲ್ಲಿ ಒಂದೇ ಒಂದು ಸಲ. ಇಲ್ಲದಿದ್ದರೆ ತಂಬೂರಿ ಕರಗುವ ಕೊನೆಯ ಕ್ಷಣಗಳಲ್ಲಿ ಒರಟು ಕೇಳುತ್ತದೆ.

#18 ಕೀರ್ತನಪ್ರಿಯ

ಪಿಟೀಲಿನವರಿಗೆ ಕಳಿಸಲು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

"ರೆಕಾರ್ಡ್ ಮಾಡುವ ಮೊದಲು ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲೂ ಸಾಫ್ಟ್‌ವೇರಿನಲ್ಲೂ 48,000 ಇದೆಯೇ ನೋಡಿ. 24 ಬಿಟ್, ಮೋನೊ, ವೇವ್. ಪೀಕ್ -12 ಡಿಬಿ. ಈಕ್ಯೂ, ರಿವರ್ಬ್ ಹಾಕಬೇಡಿ. ನನ್ನ ಚಪ್ಪಾಳೆಗೆ ನಿಮ್ಮ ಚಪ್ಪಾಳೆ. ಫೈಲಿನ ಹೆಸರು: ರಾಗ, ತಾಳ, ಶ್ರುತಿ, ವಾದ್ಯ, ಎಷ್ಟನೇ ಸಲ."

#19 ನಲವತ್ತೆಂಟು

ಒಂದೇ ಸೇರಿಸಿ: ಶುರುವಿನಲ್ಲಿ ಹತ್ತು ಸೆಕೆಂಡ್ ಷಡ್ಜದ ತಂತಿಯನ್ನು ಉದ್ದಕ್ಕೆ ಎಳೆಯಲಿ. ಫೈಲ್ ತೆರೆದ ಕೂಡಲೇ ಅದನ್ನು ನಿಮ್ಮ ತಂಬೂರಿಯ ಜೊತೆ ಕೇಳಿ. ರೇಟ್ ತಪ್ಪಿದ್ದರೆ ಮೊದಲ ಎಳೆತದಲ್ಲೇ ಗೊತ್ತಾಗುತ್ತದೆ.